ಮೂರ್ತಪ್ಪನ ಪುಕ್ಕಟೆ ಪ್ರಚಾರ

ಹೊಸದುರ್ಗದ ಹಾಲೇಶ ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಹಾಡಿ ಯೂಟ್ಯೂಬಿಗೆ ಬಿಟ್ಟ ಹಾಡನ್ನು ಕೇಳಿದವರು ಮೂವರು. ಅವರಲ್ಲಿ ಇಬ್ಬರು ಹಾಲೇಶನೇ; ಒಂದು ಸಲ ತನ್ನ ಫೋನಿನಲ್ಲಿ, ಇನ್ನೊಂದು ಸಲ ಅವನ ಮೊಬೈಲ್ ಅಂಗಡಿಗೆ ರಿಪೇರಿಗೆ ಬಂದಿದ್ದ ಫೋನಿನಲ್ಲಿ. ಮೂರನೆಯವಳು ಉಷಾ.

ಉಷಾಳ ಅಪ್ಪ, ತೆಂಗಿನಕಾಯಿ ವ್ಯಾಪಾರಿ ಜಂಬಣ್ಣ, ಖಡಾಖಂಡಿತ ಹೇಳಿದ್ದರು: "ಹಾಡುಗಾರ ಅಂತೀಯ. ಊರಾಗೆ ಮನೆಮನೆಗೂ ನಿನ್ನ ಹಾಡು ಗೊತ್ತಾಗ್ಲಿ, ಆಮೇಲೆ ಹೆಣ್ಣು ಕೇಳಾಕೆ ಬಾ. ಯುಗಾದಿ ತಂಕ ನೋಡ್ತೀನಿ. ಇಲ್ಲಾಂದ್ರೆ ಶಿವಮೊಗ್ಗದಾಗೆ ಗಂಡು ಐತೆ."

ಲಕ್ಷ ಜನಕ್ಕೆ ಹಾಡು ಮುಟ್ಟಿಸುತ್ತೇವೆ ಎಂದು ಪ್ರಚಾರ ಕಂಪನಿಯೊಂದು ಫೋನಿನಲ್ಲಿ ಮುಂಗಡ ಕೇಳಿತು. ಹಾಲೇಶ ಬೈಕು ಮಾರಲು ಹೊರಟ. ಪಕ್ಕದ ಮನೆಯ ಚಂದ್ರಕ್ಕ ಗೇಟಿಗೇ ಅಡ್ಡ ನಿಂತಳು.

"ಲೇ, ತಲೆ ಕೆಟ್ಟೈತೇನೋ? ಹಾಡೋನೂ ನೀನೆ, ದುಡ್ಡು ಕೊಡೋನೂ ನೀನೇನಾ? ಆ ಲಕ್ಷ ಜನ ಜಂಬಣ್ಣನ ಮನೆಗೆ ಬಂದು ಸಾಕ್ಷಿ ಹೇಳ್ತಾರಾ? ನಮ್ಮ ಮೂರ್ತಪ್ಪನ್ನ ಕೇಳು. ಅವನ ಗಾಡಿ ಹೋಗದಿರೋ ಬೀದಿ ಐತಾ?"

ಮೂರ್ತಪ್ಪ ಕಸದ ಗಾಡಿ ಓಡಿಸುವವನು. ಮೈಕಿನಲ್ಲಿ ಅದೇ ಸ್ವಚ್ಛತೆಯ ಹಾಡು ಕೇಳಿ ಕೇಳಿ ಅವನಿಗೂ ಸಾಕಾಗಿತ್ತು. ಕೇಳಲು ಬಂದ ಹಾಲೇಶನಿಂದ ಹಾಡಿದ್ದ ಪೆನ್‌ಡ್ರೈವ್ ಇಸಿದುಕೊಂಡು ಜೇಬಿಗಿಳಿಸಿದ.

"ಒಂದು ಟೀ ಕುಡ್ಸು ಸಾಕು. ನಾನು ಹಾಡು ಹಾಕಿದ್ರೆ ಒಳಗಿದ್ದೋರೆಲ್ಲ ಓಡಿ ಬರ್ತಾರೆ."

ಓಡಿಯೇ ಬಂದರು. ಬೆಳಗಾದರೆ 'ಬಾರೆ ಬಾಗಿಲಿಗೆ, ಬೆಳಗಾಯಿತೆ ಚೆಲುವೆ' ಎಂದು ಹಾಲೇಶನ ದನಿ ಬೀದಿಗಿಳಿಯುತ್ತಿತ್ತು, ಬಾಗಿಲುಗಳು ತೆರೆಯುತ್ತಿದ್ದವು. ಯುಗಾದಿ ಹತ್ತಿರವಾಗುವಷ್ಟರಲ್ಲಿ ಶಾಲೆ ಮಕ್ಕಳೂ ಗುನುಗತೊಡಗಿದರು. ಕಂಪನಿಯವರು ಮತ್ತೆ ಫೋನ್ ಮಾಡಿದಾಗ ಹಾಲೇಶ ಅವರಿಗೇ ಬುದ್ಧಿ ಹೇಳಿದ: "ಕಲಾವಿದ ಆದೋನು ದುಡ್ಡು ಕೊಟ್ಟು ಹಾಡು ಕೇಳಿಸಬಾರ್ದು ಕಣ್ರಿ."

ಹಬ್ಬದ ಹಿಂದಿನ ಸಂಜೆ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಜಂಬಣ್ಣನ ಮನೆಗೆ ಹೋದ. ಚಂದ್ರಕ್ಕನೂ ಹೊರಟಳು, ಇಂಥ ಕಡೆಗೆಲ್ಲ ಕರೆಯಲಿ ಎಂದು ಕಾಯುವ ಹೆಂಗಸಲ್ಲ ಅವಳು.

"ಬರ್ರಿ, ಕುಂತ್ಕಳ್ರಿ," ಎಂದರು ಜಂಬಣ್ಣ. "ಎಲ್ಲಿ, ಹಾಡು ನೋಡಾಣ."

ಹಾಲೇಶ ಗಂಟಲು ಸರಿಮಾಡಿಕೊಂಡು ಎತ್ತಿದ: "ಬಾರೆ ಬಾಗಿಲಿಗೆ..."

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಉಷಾಳ ತಾಯಿ ಅನ್ನಪೂರ್ಣಮ್ಮ ಹಸಿ ಕಸದ ಬಕೆಟ್ ಹಿಡಿದು ಓಡಿ ಬಂದರು. "ತಡಿಯಪ್ಪ ಮೂರ್ತಪ್ಪ, ಹೊಂಟ್ಬಿಡಬ್ಯಾಡ. ಸಂಜೆನೂ ಬಂದೀಯಲ್ಲ, ಪುಣ್ಯ ಬರ್ಲಿ ನಿನಗೆ." ಅವರ ಹಿಂದೆಯೇ ಒಣ ಕಸದ ಬಕೆಟ್ ಹಿಡಿದು ಉಷಾ. ಹಾಲೇಶನನ್ನು ಕಂಡು ನಾಚಿಕೊಂಡಳು, ಬಕೆಟ್ ಮಾತ್ರ ಬಿಡಲಿಲ್ಲ. ಹಾಲೇಶನಿಗೆ ಅಳುವೇ ಬಂತು.

ಜಂಬಣ್ಣ ಮೀಸೆ ತಿರುವಿದರು.

"ಮನೆಮನೆಗೂ ನೀನು ಗೊತ್ತು, ಒಪ್ಪಿದೆ ಕಣಪ್ಪ. ಆದ್ರೆ ಮದುವೆ ಮನೆಯಾಗೆ ನೀನು ಬಾಯಿ ತೆಗೆದ್ರೆ ಬೀಗರೆಲ್ಲ ಎದ್ದು ಬಕೆಟ್ ಹುಡುಕ್ತಾರಲ್ಲೋ. ಶಿವಮೊಗ್ಗದೋರಿಗೆ ಹೂಂ ಅಂತೀನಿ. ಬಂದಿದ್ದು ಬಂದೀಯ, ಇವೆರಡು ತಗಂಡು ಹೋಗು."

ಎರಡೂ ಬಕೆಟ್ ಹಿಡಿದು ಹಾಲೇಶ ಗೇಟು ದಾಟಿದ. ಹಾಡು ಕೇಳಿಸಿಕೊಂಡ ಬೀದಿಯ ಹೆಂಗಸರು ಆಗಲೇ ಸಾಲಾಗಿ ನಿಂತಿದ್ದರು. ಎದುರುಮನೆಯ ರೇಣುಕಮ್ಮ ತನ್ನ ಬಕೆಟ್ಟನ್ನೂ ಅವನ ಮುಂದಿಟ್ಟು ಕನಿಕರದಿಂದ ಕೇಳಿದಳು: "ಗಾಡಿ ಕೆಟ್ಟೈತೇನಪ್ಪ, ನಡ್ಕಂಡೇ ಬಂದೀಯ?"