ಶಾರ್ಕೋ, ನೊಣವೋ?

ಹೊನ್ನಾಳಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ರುದ್ರಮುನಿಗೆ ಮದುವೆ ಇನ್ನೇನು ಕುದುರಿತು ಅನ್ನುವಾಗ ಒಂದು ಪ್ರಶ್ನೆ ಅಡ್ಡ ಬಂತು. ನ್ಯಾಮತಿಯ ಹುಡುಗಿ ಸುಚಿತ್ರಾ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವಾಕೆ. ಬೆಳಿಗ್ಗೆ ಫೋನ್ ಮಾಡಿ ಕೇಳಿದ್ದಳು:

"ಆಳ ಸಮುದ್ರದಾಗೆ ಒಂದು ಶಾರ್ಕ್ ಐತೆ. ಜೋಡಿ ಹುಡುಕೋ ವಯಸ್ಸಿಗೆ ಬರಾಕೇ ಅದಕ್ಕೆ ನೂರೈವತ್ತು ವರ್ಷ ಬೇಕಂತೆ. ಕಾಡಿನಾಗೆ ಒಂದು ನೊಣ ಐತೆ. ಬದುಕೋದೇ ಕೆಲವು ದಿನ, ಆದ್ರೂ ಹೆಣ್ಣಿನ ಹತ್ರ ಉಡುಗೊರೆ ಹಿಡ್ಕೊಂಡೇ ಹೋಗ್ತೈತೆ. ನೀವು ಯಾರ ಥರ? ಸಂಜೆ ಮನೆಗೆ ಬಂದು ಹೇಳ್ರಿ. ಆಮೇಲೆ ನಾನು ನನ್ನ ಮಾತು ಹೇಳ್ತೀನಿ."

ಪಾಪ, ರುದ್ರಮುನಿಗೆ ಮೂವತ್ತೆಂಟಾಗಿತ್ತು. ಈ ಸಂಬಂಧ ತಪ್ಪಿದರೆ ಇನ್ನೊಂದು ಬರುವ ನಂಬಿಕೆ ಇರಲಿಲ್ಲ. ಸುಚಿತ್ರಾಳನ್ನು ನೋಡಿದ ಮೇಲೆ ಇನ್ನೊಂದು ಬೇಕೂ ಇರಲಿಲ್ಲ.

ಪ್ರಶ್ನೆ ಹೇಗೋ ಬೀದಿಗೆ ಬಿತ್ತು. "ಶಾರ್ಕ್ ಅನ್ನಯ್ಯಾ! ಗಂಡಸಿಗೆ ಗತ್ತಿರಬೇಕು" ಎಂದರು ನಿವೃತ್ತ ಕಂಡಕ್ಟರ್ ಮುರುಗೇಶಪ್ಪ.

"ಹೋಗ್ರಿ ಅತ್ಲಾಗೆ! ನೂರೈವತ್ತಕ್ಕೆ ಲಗ್ನಾನ?" ಎಂದು ಪಕ್ಕದ ಮನೆಯ ಅನ್ನಪೂರ್ಣಮ್ಮ ಗದರಿದರು. "ಹಂಗಂತ ನೊಣ ಅಂದ್ರೆ ಆ ಹುಡುಗಿ ಹೊಡೆದು ಓಡಿಸ್ತಾಳೆ, ನೋಡ್ತಿರು."

ಅವರಿಬ್ಬರೂ ಕಿತ್ತಾಡುತ್ತಿದ್ದರೆ ರುದ್ರಮುನಿ ತಂತಿ ಸುತ್ತುತ್ತ ಯೋಚಿಸಿದ. ಅವಸರದಲ್ಲಿ ಸುತ್ತಿದ ಮೋಟರ್ ಸುಟ್ಟುಹೋಗುತ್ತದೆ, ನಿಜ. ಆದರೆ ಕತ್ತಲಲ್ಲಿ ಒಂಟಿಯಾಗಿ ಈಜುತ್ತ ಕಾಯುವುದಕ್ಕೂ ಒಂದು ಮಿತಿ ಬೇಡವೇ? ಪೇಟೆಗೆ ಹೋಗಿ ಪೆಟ್ಟಿಗೆಯಲ್ಲಿ ರೇಷ್ಮೆ ಸೀರೆ ಹಾಕಿಸಿ ತಂದು, ಮಂಚದ ಮೇಲಿಟ್ಟು ಸ್ನಾನಕ್ಕೆ ಹೋದ. ಬಂದವನೇ ಪೆಟ್ಟಿಗೆಗೆ ಹೊಳೆಯುವ ಕಾಗದ ಸುತ್ತಿ, ನ್ಯಾಮತಿಗೆ ಹೊರಟಿದ್ದ ಬಸ್ಸನ್ನು ಓಡಿ ಹಿಡಿದ.

"ನಾನು ನೊಣಾನೇ ರೀ" ಎಂದ ಸುಚಿತ್ರಾಳ ಎದುರು ತಲೆ ತಗ್ಗಿಸಿ. "ಶಾರ್ಕಿಗೆ ಆಯುಸ್ಸೈತೆ, ಕಾಯ್ತೈತೆ. ನಂಗೆ ಅಷ್ಟಿಲ್ಲ. ಇರೋ ನಾಕು ದಿನದಾಗೆ ನಿಮ್ಮ ಹತ್ರ ಬರಿಗೈಲಿ ಬರಬಾರ್ದು ಅನ್ನಿಸ್ತು."

ಅವಳ ಕಣ್ಣು ತೇವವಾಯಿತು. ಕಾಗದ ಬಿಚ್ಚಿ ಪೆಟ್ಟಿಗೆ ತೆರೆದಳು. ಒಳಗೆ ಏನೂ ಇರಲಿಲ್ಲ.

"ಭಾಳ ಓದ್ಕೊಂಡು ಬಂದೀರಿ!" ಎಂದಳು ತಣ್ಣಗೆ. "ಆ ನೊಣದ ಜಾತಿಯಾಗೆ ಕೆಲವು ಖಾಲಿ ಪೊಟ್ಟಣಾನೇ ಚೆಂದಾಗಿ ಸುತ್ತಿ ಹೆಣ್ಣಿಗೆ ಟೋಪಿ ಹಾಕ್ತಾವೆ."

ರುದ್ರಮುನಿ ಪೆಟ್ಟಿಗೆ ತಲೆಕೆಳಗು ಮಾಡಿ ಕೊಡವಿದ. ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಅನ್ನಪೂರ್ಣಮ್ಮನ ದನಿ ಇಡೀ ಕೋಣೆಗೆ ಕೇಳಿಸಿತು: "ಲೇ ರುದ್ರ, ಖಾಲಿ ಪೆಟ್ಟಿಗೆ ಒಯ್ದೆಯೇನೋ? ನೀನು ಸ್ನಾನಕ್ಕೆ ಹೋದಾಗ್ಲೇ ಸೀರೆ ತೆಗೆದು ಫಾಲ್ ಹಚ್ಚಾಕೆ ಟೈಲರಿಗೆ ಕೊಟ್ಟು ಬಂದೀನಲ್ಲೋ!"

ಸುಚಿತ್ರಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸೀರೆ ತಗೊಂಡು ಬರ್ರಿ. ಅದನ್ನ ಉಟ್ಕೊಂಡೇ ಒಪ್ಪಿಗೆ ಹೇಳ್ತೀನಿ. ಅಲ್ಲೀತನಕ ಇಲ್ಲ."

ರುದ್ರಮುನಿ ಹಿಗ್ಗಿಹೋಗಿ ಫೋನಿನಲ್ಲೇ ಕೇಳಿದ: "ಅಕ್ಕಾ, ಯಾವಾಗ ಕೊಡ್ತಾನಂತೆ?"

"ಮದ್ವೆ ಸೀಸನ್ನು ಕಣೋ, ರಾಶಿ ಬಿದ್ದೈತೆ. ಲಗ್ನ ಗೊತ್ತಾದೋರ ಸೀರೆ ಮೊದಲಂತೆ. ನಿಂದು ಇನ್ನೂ ಗೊತ್ತಾಗಿಲ್ಲಲ್ಲ, ಗೊತ್ತಾದ ಮೇಲೆ ಬರ್ರಿ ಅಂದಾನೆ."