ಹೋಳಿಗೆ ತಿಂದ ಕುದುರೆ

ನೌಕರಿಯಿಂದ ನಿವೃತ್ತಿಯಾದ ಮೇಲೆ ಮನುಷ್ಯರಿಗೆ ತಮಗೆ ಬಾರದ ಕೆಲಸಗಳ ಮೇಲೆಯೇ ಆಸೆ ಹುಟ್ಟುತ್ತದೆ. ಬರುವ ಕೆಲಸವನ್ನು ಅಷ್ಟು ವರ್ಷ ಮಾಡಿ ಮಾಡಿ ಬೇಸತ್ತಿರುತ್ತೇವಲ್ಲ, ಅದಕ್ಕೇ ಇರಬೇಕು. ನಮ್ಮ ಓಣಿಯಲ್ಲಿ ಜೀವನವಿಡೀ ಬಸ್ ಟಿಕೆಟ್ಟಿನ ಲೆಕ್ಕ ನೋಡಿದವರೊಬ್ಬರು ಈಗ ಕೊಳಲು ಊದುತ್ತಾರೆ. ಅವರು ಊದಲು ಕೂತರೆ ಅವರ ಹೆಂಡತಿ ಕಾಯಿಪಲ್ಲೆ ತರಲು ಹೊರಟುಬಿಡುತ್ತಾರೆ, ಮನೆಯಲ್ಲಿ ಕಾಯಿಪಲ್ಲೆ ಇರಲಿ ಬಿಡಲಿ. ಅವರನ್ನು ನೋಡಿ ನಗುತ್ತಿದ್ದವಳು ನಾನು. ರಾಣೆಬೆನ್ನೂರಿನ ಒಂದು ಕಚೇರಿಯ ಟಪಾಲು ವಿಭಾಗದಲ್ಲಿ ಕೂತು, ಬಂದ ಕಾಗದಕ್ಕೆ ಠಸ್ಸೆ ಒತ್ತಿ ಮುಂದಿನ ಟೇಬಲ್ಲಿಗೆ ದಾಟಿಸುವುದರಲ್ಲಿ ಆಯುಷ್ಯ ಸವೆಸಿದ ನಾನು ಒಂದು ದಿನ ಬಟ್ಟೆಯ ಕುದುರೆ ಹೊಲಿಯಲು ಕೂತೆ. ಕೊಳಲಾದರೆ ಊದುವುದು ನಿಂತ ಕೂಡಲೇ ತಾಪತ್ರಯ ಮುಗಿಯುತ್ತದೆ. ನನ್ನ ಕುದುರೆಯದು ಹಾಗೆ ಮುಗಿಯಲಿಲ್ಲ. ನೆನೆದರೆ ಈಗಲೂ ಮನಸ್ಸು ಪಿಚ್ಚೆನ್ನುತ್ತದೆ.

ಎಲ್ಲಕ್ಕೂ ಕಾರಣ ನನ್ನ ಮೊಮ್ಮಗಳು ಅನ್ವಿ. ಹಾವೇರಿಯಲ್ಲಿರುವ ನನ್ನ ಮಗಳು ವಿದ್ಯಾಳ ಮಗಳು, ಎಲ್‌ಕೆಜಿಗೆ ಹೋಗುತ್ತಾಳೆ. ಉಣ್ಣುವುದಿಲ್ಲ ಎಂಬುದೊಂದನ್ನು ಬಿಟ್ಟರೆ ಬಂಗಾರದಂಥ ಹುಡುಗಿ. ಆದರೆ ಆ ಒಂದನ್ನು ಬಿಡಲು ಬರುವಂತಿರಲಿಲ್ಲ. ತೂಕ ಏರುತ್ತಿಲ್ಲವೆಂದು ಡಾಕ್ಟರು ಎರಡು ಸಲ ಹೇಳಿದ್ದರು. ಬಾಯಿಗೆ ಇಟ್ಟ ತುತ್ತನ್ನು ಗಲ್ಲದಲ್ಲಿ ಬಚ್ಚಿಟ್ಟುಕೊಂಡು, ಮೊಬೈಲಿನಲ್ಲಿ ಕುಣಿಯುವ ಕರಡಿಯನ್ನು ನೋಡುತ್ತ ಕೂತುಬಿಡುತ್ತಿದ್ದಳು. ಕರಡಿ ನಿಂತರೆ ಗಲ್ಲವೂ ನಿಲ್ಲುತ್ತಿತ್ತು. ವಿದ್ಯಾ ಒಮ್ಮೊಮ್ಮೆ ತಾಟು ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ ಅತ್ತು ಬರುತ್ತಿದ್ದಳು. ನಾವು ಹಿರಿಯರೆಲ್ಲ ಸೇರಿ ಒಂದು ಕೂಸಿಗೆ ಅರ್ಧ ರೊಟ್ಟಿ ತಿನ್ನಿಸಲಾರದವರಾಗಿದ್ದೆವು.

ಹೀಗಿರುವಾಗ ಒಂದು ಸಂಜೆ, ನಾನೂ ಅಲ್ಲಿದ್ದಾಗ, ಮನೆಯ ಮುಂದೆ ಮದುವೆಯ ಮೆರವಣಿಗೆ ಬಂತು. ಮದುಮಗ ಬೆವರುತ್ತ ಕುದುರೆಯ ಮೇಲೆ ಕೂತಿದ್ದ. ಅನ್ವಿ ಮೊಬೈಲನ್ನು ನೆಲಕ್ಕೆ ಬಿಟ್ಟು ಗೇಟಿನ ತನಕ ಓಡಿದಳು. ಕುದುರೆ ಕಣ್ಮರೆಯಾಗುವವರೆಗೂ ನೋಡಿ ಬಂದು, "ಅಜ್ಜಿ, ನನಗ ಕುದುರಿ ಬೇಕು. ಕುದುರಿ ಕೊಡಸಿದ್ರ ನಾ ಉಣ್ತೇನಿ" ಎಂದಳು. ಇಷ್ಟು ಸುಲಭದ ಕರಾರನ್ನು ಯಾರು ಬಿಡುತ್ತಾರೆ? ಮರುದಿನವೇ ಪೇಟೆ ಸುತ್ತಿದೆ. ಸಿಕ್ಕಿದ್ದು ಗುಲಾಬಿ ಬಣ್ಣದ್ದು, ಹಣೆಯ ಮೇಲೊಂದು ಮಿಂಚುವ ಕೋಡು. ಅನ್ವಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಕುದುರಿಗೆ ಕೋಡ ಇರೂದಿಲ್ಲಜ್ಜಿ" ಎಂದು ವಾಪಸು ಕೊಟ್ಟಳು. ಮಾತು ಖರೆಯಿತ್ತು. ಆಗ ನನ್ನ ಬಾಯಿಂದ, "ನಾನ ಹೊಲದ ಕೊಡ್ತೇನಿ ತಡಿ" ಎಂಬ ಮಾತು ಬಂದುಬಿಟ್ಟಿತು. ವಿದ್ಯಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅವ್ವಾ, ನಿನಗ ಗುಂಡಿ ಹಚ್ಚಾಕ ಬರೂದಿಲ್ಲ" ಎಂದಳು.

ಅದೂ ಖರೆಯೇ. ನಮ್ಮ ತವರಿನಲ್ಲಿ ಸೂಜಿ ದಾರವೆಲ್ಲ ಗಿರಿಜಕ್ಕನ ಪಾಲಿಗೆ ಬಂದಿತ್ತು. ಅಕ್ಕ ಈಗ ಬ್ಯಾಡಗಿಯಲ್ಲಿದ್ದಾಳೆ. ಅವಳು ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ ಕೌದಿಯನ್ನು ಹೊದ್ದರೆ ಬೆಳಿಗ್ಗೆ ಏಳಲು ಮನಸ್ಸಾಗುವುದಿಲ್ಲ. ಒಂದು ಫೋನು ಮಾಡಿದ್ದರೆ ಕುದುರೆಯೇನು, ಸವಾರನನ್ನೂ ಹೊಲಿದು ಕಳಿಸುತ್ತಿದ್ದಳು. ಆದರೆ ನನಗೆ ಹಟ. ಸಣ್ಣವರಿದ್ದಾಗಿನಿಂದ "ಗಿರಿಜಾನ ಕೈ ನೋಡ್ರಿ" ಎಂಬುದನ್ನು ಕೇಳಿ ಕೇಳಿ ಬೆಳೆದವಳು ನಾನು. ನನ್ನ ಕೈಯನ್ನು ಯಾರಾದರೂ ನೋಡಿದ್ದರೆ ಅದು ಹಸ್ತಸಾಮುದ್ರಿಕದವರು ಮಾತ್ರ.

ರಾಣೆಬೆನ್ನೂರಿಗೆ ಬಂದು ಬಟ್ಟೆ ಹುಡುಕಿದೆ. ಬಟ್ಟೆಗೇನು ಬರ? ನಮ್ಮ ಕಡೆ ಹೆಣ್ಣುಮಕ್ಕಳು ಯಾರದೇ ಮನೆಗೆ ಕಾರ್ಯಕ್ಕೆ ಹೋದರೂ ಉಡಿ ತುಂಬಿ ಕುಪ್ಪಸದ ಖಣ ಕೊಟ್ಟು ಕಳಿಸುತ್ತಾರೆ. ಆ ಖಣವನ್ನು ಯಾರೂ ಹೊಲಿಸುವುದಿಲ್ಲ. ಅದನ್ನು ಕಪಾಟಿನಲ್ಲಿಟ್ಟು, ಮುಂದಿನ ಕಾರ್ಯದಲ್ಲಿ ಇನ್ನೊಬ್ಬರ ಉಡಿಗೆ ಹಾಕುತ್ತೇವೆ. ಹೀಗೆ ಒಂದೊಂದು ಖಣವೂ ನಾವು ಕಾಣದ ಊರುಗಳನ್ನು ಕಂಡಿರುತ್ತದೆ. ಒಮ್ಮೆ ಮೂಲೆಯಲ್ಲಿ ಅರಿಷಿಣದ ಕಲೆಯಿದ್ದ ಖಣವೊಂದನ್ನು ನಾನು ಕರ್ಜಗಿಯ ಬೀಗರಿಗೆ ಕೊಟ್ಟಿದ್ದೆ. ಅದು ವರ್ಷದೊಳಗೆ ಮೇಡ್ಲೇರಿಯ ಮದುವೆಯೊಂದರಲ್ಲಿ ಅದೇ ಕಲೆಯೊಂದಿಗೆ ನನ್ನ ಉಡಿಗೇ ಬಂದು ಬಿದ್ದಿತ್ತು. ಇಂಥ ಅಲೆಮಾರಿ ಬಟ್ಟೆಗಿಂತ ಕುದುರೆಗೆ ಬೇರೆ ಯಾವುದು ಯೋಗ್ಯ ಎಂದುಕೊಂಡು ಅದನ್ನೇ ತೆಗೆದೆ. ಕಂದು ಬಣ್ಣ, ಅಂಚಿಗೆ ಕೆಂಪು ದಡಿ.

ಮೊಬೈಲಿನಲ್ಲಿ ಒಬ್ಬ ಹೆಣ್ಣುಮಗಳು ನಗುನಗುತ್ತ ಹತ್ತು ನಿಮಿಷದಲ್ಲಿ ಕುದುರೆ ಹೊಲಿದು ತೋರಿಸಿದಳು. ಅವಳು ಹೇಳದೇ ಬಿಟ್ಟ ಸಂಗತಿಗಳು ನನಗೆ ಆಮೇಲೆ ಒಂದೊಂದಾಗಿ ತಿಳಿದವು. ಕುದುರೆಗೆ ಎರಡು ಮಗ್ಗುಲು. ಒಂದರ ಮುಖ ಎಡಕ್ಕಿದ್ದರೆ ಇನ್ನೊಂದರದು ಬಲಕ್ಕಿರಬೇಕು. ನಾನು ಎರಡನ್ನೂ ಬ್ಯಾಡಗಿ ಕಡೆಗೇ ಮುಖ ಮಾಡಿ ಕತ್ತರಿಸಿದೆ. ಹೀಗಾಗಿ ಒಂದು ಮಗ್ಗುಲಿಗೆ ಖಣದ ಹೊಳೆಯುವ ಮೈ, ಇನ್ನೊಂದಕ್ಕೆ ಅದರ ಬೆನ್ನು ಬಂತು. ಆ ಕಡೆಯಿಂದ ನೋಡಿದರೆ ಹಬ್ಬದ ಕುದುರೆ, ಈ ಕಡೆಯಿಂದ ನೋಡಿದರೆ ವಾರದ ದಿನದ ಕುದುರೆ. ಕಾಲುಗಳನ್ನು ಎಷ್ಟು ಸಪೂರ ಹೊಲಿದಿದ್ದೆನೆಂದರೆ ಅವುಗಳ ಒಳಗಿನ ಮೈ ಹೊರಗೆ ತರಲು ಸಾರಿನ ಸೌಟಿನ ಹಿಡಿಕೆ ಬೇಕಾಯಿತು. ಹಳೆಯ ದಿಂಬಿನ ಅರಳೆಯನ್ನು ಕುತ್ತಿಗೆಗೆ ಎಷ್ಟು ತುರುಕಿದರೂ ತಲೆ ನೆಟ್ಟಗೆ ನಿಲ್ಲಲಿಲ್ಲ, ಏನನ್ನೋ ಕಳೆದುಕೊಂಡಂತೆ ನೆಲ ನೋಡುತ್ತಿತ್ತು. ನಮ್ಮ ಮನೆಯವರು ಪೇಪರು ಕೆಳಗಿಳಿಸಿ ಬಹಳ ಹೊತ್ತು ನೋಡಿ, "ಪಾಪ, ಭಾಳ ದೂರದಿಂದ ನಡಕೊಂತ ಬಂದಂಗ ಕಾಣ್ತೈತಿ. ಒಂದೀಟ ನೀರ ಕುಡಸು" ಎಂದರು.

ಹೊಟ್ಟೆಯೊಂದನ್ನು ಮುಚ್ಚುವುದು ಬಾಕಿ ಇದ್ದಾಗ ತಡೆಯಲಾರದೆ ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ನಗುತ್ತಾಳೆಂದು ಸಿದ್ಧವಾಗಿದ್ದೆ. ಅವಳು ನಗಲಿಲ್ಲ. "ಚಲೋ ಆಗೈತಿ ಬಿಡವಾ ಸುಮಾ. ಹೊಟ್ಟಿ ಹೊಲಿಯೂಕಿಂತ ಮೊದಲ ಒಂದ ಚೂರ ರೊಟ್ಟಿ ಇಡು. ಬರೇ ಹೊಟ್ಟೀಲೆ ಹೊಲೀಬಾರದು" ಎಂದಳು. ಅದು ಕೌದಿಯ ರೀತಿ. ನಮ್ಮವ್ವ ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ರೊಟ್ಟಿಯ ಚೂರು ಇಡುತ್ತಿದ್ದಳು. ಕೌದಿಯ ಹೊಟ್ಟೆ ತುಂಬಿದ್ದರೆ ಅದನ್ನು ಹೊದ್ದವರು ಹಸಿದು ಮಲಗುವುದಿಲ್ಲವಂತೆ. ಅಕ್ಕ ಇವತ್ತಿಗೂ ಇಡುತ್ತಾಳೆ. ಡಬ್ಬಿಯಲ್ಲಿ ಖಡಕ್ ರೊಟ್ಟಿ ಇತ್ತು. ಪಕ್ಕದಲ್ಲೇ, ಮರುದಿನ ಹಾವೇರಿಗೆ ಒಯ್ಯಲೆಂದು ಮಾಡಿದ ಹೋಳಿಗೆಯೂ ಇತ್ತು. ನನ್ನ ಮೊಮ್ಮಗಳ ಕುದುರೆ ಒಣ ರೊಟ್ಟಿ ಏಕೆ ತಿನ್ನಬೇಕು? ಅಕ್ಕ ರೊಟ್ಟಿ ಎಂದರೆ ನಾನು ಹೋಳಿಗೆ ಎನ್ನದಿದ್ದರೆ ತಂಗಿಯಾದದ್ದಾದರೂ ಯಾತಕ್ಕೆ? ತುಪ್ಪ ಹಚ್ಚಿ, ಒಂದು ದೊಡ್ಡ ಚೂರನ್ನೇ ಒಳಗಿಟ್ಟು ಹೊಲಿದೆ.

ಹಾವೇರಿಯಲ್ಲಿ ಅದನ್ನು ಕಂಡ ಕೂಡಲೇ "ಕುದುರಿ" ಎಂದು ಗುರುತಿಸಿದವಳು ಅನ್ವಿ ಒಬ್ಬಳೇ. ಅಳಿಯಂದಿರು ಸಭ್ಯರು, "ಭಾಳ ಚಂದ ಐತ್ರಿ ಅತ್ತಿ" ಎಂದರು, ಪ್ರಾಣಿಯ ಹೆಸರು ಹೇಳಲಿಲ್ಲ. ಅನ್ವಿ ಅದನ್ನು ಅವುಚಿಕೊಂಡು ಹೊಟ್ಟೆಯ ಹತ್ತಿರ ಮೂಗು ತಂದು, "ಇದರ ಹೊಟ್ಟ್ಯಾಗ ಏನೈತಿ?" ಎಂದು ಕೇಳಿದಳು. "ಹೋಳಿಗಿ. ನಮ್ಮನ್ಯಾಗ ಉಂಡ ಬಂದೈತಿ" ಎಂದೆ. ಅವಳು ಕುದುರೆಯ ಹೊಟ್ಟೆಗೆ ಕಿವಿ ಹಚ್ಚಿ ಕೇಳಿದಳು. ಏನು ಕೇಳಿಸಿತೋ, "ಹೂಂ" ಎಂದಳು. ಆಮೇಲೆ ನೆಲದ ಮೇಲೆ ಕೂತು, "ನನಗೂ ಹೋಳಿಗಿ ಕೊಡು" ಎಂದಳು. ಇಡೀ ಹೋಳಿಗೆ ತಿಂದಳು. ಮೊಬೈಲು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಬಿದ್ದಿತ್ತು. ವಿದ್ಯಾ ನನ್ನ ಕೈಯನ್ನೊಮ್ಮೆ ಒತ್ತಿ ಹಿಡಿದು, ಇನ್ನೊಂದು ಹೋಳಿಗೆ ತರಲು ಒಳಗೆ ಹೋದಳು.

ಮುಂದಿನ ದಿನಗಳೆಲ್ಲ ನನ್ನವು. ಕುದುರೆ ಉಂಡಿದೆ, ಆದ್ದರಿಂದ ತಾನೂ ಉಣ್ಣಬೇಕು ಎಂಬುದು ಅನ್ವಿಯ ನ್ಯಾಯ. "ಅವ್ವಾ, ಇವತ್ತ ಅನ್ನಾ ಸಾರ ಉಂಡ್ಲು," "ಅವ್ವಾ, ಬದನಿಕಾಯಿ ತಿಂದ್ಲು" ಎಂದು ವಿದ್ಯಾಳ ಫೋನು ಬರುತ್ತಿತ್ತು. ಬದನೆಕಾಯಿಯ ಸುದ್ದಿಯನ್ನು ನಾನು ಓಣಿಯಲ್ಲೆಲ್ಲ ಹಂಚಿದೆ. ಹಾಲಿನವನಿಗೆ ಹೇಳಿದೆ, ಕೊಳಲಿನವರಿಗೆ ಹೇಳಿದೆ. ಅಕ್ಕನಿಗೆ ಮಾತ್ರ ಸಾವಕಾಶವಾಗಿ, ವಿವರವಾಗಿ ಹೇಳಿದೆ. ಅವಳು ಖರೇ ಸಂತೋಷಪಟ್ಟಳು. ಅದರಿಂದ ನನಗೆ ಸ್ವಲ್ಪ ನಿರಾಸೆಯಾಯಿತು.

ಆಮೇಲೆ ಇರುವೆ ಬಂದವು. "ಅವ್ವಾ, ಹಾಸಿಗಿ ತುಂಬ ಕೆಂಪಿರಿವಿ. ಆಕಿ ಗಲ್ಲಕ್ಕ ಕಡದಾವು. ಎಲ್ಲಾ ನಿನ್ನ ಕುದುರಿ ಹೊಟ್ಟ್ಯಾಗಿಂದ ಬರಾಕತ್ತಾವು. ಹೊರಗ ಒಗದ ಬಿಡ್ಲೇನು?" ಎಂದಳು ವಿದ್ಯಾ. ಎಸೆಯಬೇಡವೆಂದು ಹೇಳಿ ಸಿಕ್ಕ ಬಸ್ ಹತ್ತಿದೆ. ಅನ್ವಿ ಶಾಲೆಗೆ ಹೋಗಿದ್ದಳು. ಗಚ್ಚಿಯ ಮೇಲೆ ಕೂತು ಹೊಟ್ಟೆ ಬಿಚ್ಚಿದೆ. ಹೋಳಿಗೆಯನ್ನು ತೆಗೆದೆ, ಅರಳೆಯನ್ನು ಸುಟ್ಟೆ, ಬಟ್ಟೆಯನ್ನು ಸೋಪು ಹಚ್ಚಿ ಒಗೆದು ಬಿಸಿಲಿಗೆ ಹಾಕಿದೆ. ಪೇಟೆಯಿಂದ ಬೆಳ್ಳಗಿನ ಹೊಸ ಹತ್ತಿ ತರಿಸಿ ತುಂಬಿದೆ. ಅಷ್ಟಕ್ಕೇ ಬಿಟ್ಟಿದ್ದರೂ ನಡೆಯುತ್ತಿತ್ತೇನೋ. ಆದರೆ ಕೈಗೆ ಈಗ ಸ್ವಲ್ಪ ರೂಢಿಯಾಗಿತ್ತಲ್ಲ, ಕುತ್ತಿಗೆಗೆ ಒಂದು ಕಡ್ಡಿ ಕೊಟ್ಟು ನೆಟ್ಟಗೆ ಮಾಡಿದೆ, ಕಾಲುಗಳನ್ನು ಸರಿದೂಗಿಸಿದೆ. ಮೊದಲ ಸಲ ಅದು ಕುದುರೆಯಂತೆ ಕಂಡಿತು. ಅಳಿಯಂದಿರು ಕೂಡ ಈ ಸಲ ಹೆಸರು ಹಿಡಿದು ಹೊಗಳಿದರು.

ಅನ್ವಿ ಶಾಲೆಯಿಂದ ಬಂದು ಅದನ್ನು ಎತ್ತಿಕೊಂಡಳು. ಹೊಟ್ಟೆಯನ್ನು ಮೂಸಿದಳು. ಕಿವಿ ಹಚ್ಚಿದಳು. "ಹೋಳಿಗಿ ಎಲ್ಲೈತಿ?" ಎಂದಳು. ಇರುವೆ ತಿಂದವು ಎಂದೆ. ಅವಳು ಅಳಲಿಲ್ಲ, ರಂಪ ಮಾಡಲಿಲ್ಲ. ಊಟಕ್ಕೆ ಕರೆದಾಗ, "ಮೊದಲ ಕುದುರಿ ಉಣ್ಲಿ" ಎಂದಳು. ವಿದ್ಯಾ ರೊಟ್ಟಿಯ ಚೂರನ್ನು ಕುದುರೆಯ ಬಾಯಿಗೆ ಹಿಡಿದಳು. "ಬಾಯಾಗ ಹೋಗೂದಿಲ್ಲ. ಅಜ್ಜಿ ಹೊಟ್ಟಿ ಹೊಲದ ಬಿಟ್ಟಾಳ" ಎಂದಳು ಅನ್ವಿ. ತಾಟು ಹಾಗೇ ಉಳಿಯಿತು. ಮರುದಿನವೂ ಉಳಿಯಿತು.

ಹಟವನ್ನೆಲ್ಲ ಬದಿಗಿಟ್ಟು ಬ್ಯಾಡಗಿಗೆ ಹೋದೆ. ಮೆಣಸಿನಕಾಯಿಯ ಸುಗ್ಗಿ, ಬಸ್ಸಿನಿಂದ ಇಳಿದವರೆಲ್ಲ ಸೀನುತ್ತ ನಡೆಯುತ್ತಿದ್ದರು. ನನ್ನ ಕಣ್ಣೀರಿಗೂ ಯಾರೂ ಕಾರಣ ಕೇಳಲಿಲ್ಲ. ಅಕ್ಕ ಎಲ್ಲವನ್ನೂ ಕೇಳಿ, "ಹೋಳಿಗಿ ಯಾರರ ಇಡ್ತಾರೇನ? ಖಡಕ್ ರೊಟ್ಟಿಗೆ ಇರಿವಿ ಬರೂದಿಲ್ಲ" ಎಂದಷ್ಟೇ ಅಂದಳು. ಒಂದು ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟು, ಬಾಗಿಲ ತನಕ ಬಂದು ಹೇಳಿದಳು: "ಕೂಸು ಮಲಕೊಂಡಾಗ ಇಟ್ಟು ಹೊಲದ ಬಿಡು. ಮುಂಜಾನೆ ಕುದುರಿ ಉಂಡೈತಿ ಅಂತ ಹೇಳು, ಸಾಕು. ಆಕಿ ಮುಂದ ಬಿಚ್ಚಬ್ಯಾಡ."

ಅಕ್ಕನ ಮಾತನ್ನು ಆ ಒಂದು ಸಲವಾದರೂ ಕೇಳಬೇಕಿತ್ತು. ಆದರೆ ಠಸ್ಸೆ ಒತ್ತುತ್ತ ಬದುಕಿದವಳ ಬುದ್ಧಿ ಎಲ್ಲಿಗೆ ಹೋಗುತ್ತದೆ? ಬಾಯಿಮಾತನ್ನು ಯಾರು ನಂಬುತ್ತಾರೆ, ಕಣ್ಣಾರೆ ತೋರಿಸಿದರೆ ಸಂಶಯಕ್ಕೆ ಜಾಗವೇ ಇರುವುದಿಲ್ಲ ಎಂದುಕೊಂಡೆ. ಹಾವೇರಿಗೆ ಮರಳಿ, ಅನ್ವಿಯನ್ನು ಎದುರಿಗೆ ಕೂರಿಸಿಕೊಂಡು, "ನೋಡ ಈಗ, ಕುದುರಿಗೆ ರೊಟ್ಟಿ ಕೊಡೂಣು" ಎಂದು ಕತ್ತರಿಯಿಂದ ಹೊಲಿಗೆ ಬಿಚ್ಚಿದೆ. ಅವಳು ಬಗ್ಗಿ ಒಳಗೆ ನೋಡಿದಳು. ಬೆರಳು ಹಾಕಿ ಒಂದಿಷ್ಟು ಹತ್ತಿ ಹೊರಗೆಳೆದಳು, ಇನ್ನಷ್ಟು ಎಳೆದಳು. "ಬರೇ ಹತ್ತಿ ಐತಿ" ಎಂದಳು. ನಾನು ರೊಟ್ಟಿ ಇಟ್ಟೆ, ಹೊಲಿದೆ, "ಈಗ ಹೊಟ್ಟಿ ತುಂಬಿತು" ಎಂದೆ. ಅವಳು ನನ್ನನ್ನು ನೋಡಿದ ರೀತಿಯನ್ನು ನಾನು ಮರೆಯಲಾರೆ. ಎದುರಿನವರು ಸುಮ್ಮನೆ ಏನನ್ನೋ ಹೇಳುತ್ತಿದ್ದಾರೆಂದು ಗೊತ್ತಾದ ಮೇಲೂ ಮನಸ್ಸು ನೋಯಿಸಬಾರದೆಂದು ತಲೆಯಾಡಿಸುವ ದೊಡ್ಡವರಂತೆ, ಅವಳು ತಲೆಯಾಡಿಸಿದಳು. ಆಮೇಲೆ ಮೊಬೈಲು ಕೇಳಿದಳು.

ಈಗ ಕುದುರೆ ಹಾವೇರಿಯ ಸೋಫಾದ ಮೇಲೆ ತಲೆ ಎತ್ತಿ ನಿಂತಿರುತ್ತದೆ. ಬಂದವರೆಲ್ಲ ಹೊಗಳುತ್ತಾರೆ. ಅನ್ವಿ ಅದರ ಮೇಲೆ ತಲೆಯಿಟ್ಟು ಕರಡಿ ನೋಡುತ್ತಾಳೆ. ಉಣ್ಣುತ್ತಾಳೆ, ಹಾಗೇ ಗಲ್ಲದಲ್ಲಿ ಇಟ್ಟುಕೊಂಡು. ತೂಕ ಒಂದಿಷ್ಟು ಏರಿದೆಯಂತೆ, ಡಾಕ್ಟರು ಚಿಂತೆ ಬೇಡ ಎಂದಿದ್ದಾರೆ. ನನಗಿರುವ ಚಿಂತೆಗೆ ಡಾಕ್ಟರಲ್ಲಿ ಔಷಧವಿಲ್ಲ. ಒಂದು ಕೂಸು ನಂಬಿಕೊಂಡು ನಾಲ್ಕು ತುತ್ತು ಉಣ್ಣುತ್ತಿತ್ತು, ಅದನ್ನು ನಾನು ಕತ್ತರಿ ಹಿಡಿದು ಬಿಚ್ಚಿ ತೋರಿಸಿದೆ. ನಾಲ್ಕು ಇರುವೆ ಕಡಿದರೆ ಕಡಿಯುತ್ತಿದ್ದವು.

ಮೊನ್ನೆ ಭಾನುವಾರ ಅಲ್ಲಿಗೆ ಹೋದಾಗ, ಊಟವಾದ ಮೇಲೆ ನೆಲದ ಮೇಲೆ ಅಡ್ಡಾಗಿದ್ದೆ. ಮಂಪರು ಹತ್ತುತ್ತಿದ್ದಂತೆ ಹೊಟ್ಟೆಯ ಮೇಲೆ ಏನೋ ಭಾರ ಬಿತ್ತು. ಕಣ್ಣು ತೆರೆದರೆ ಅನ್ವಿ, ನನ್ನ ಹೊಟ್ಟೆಗೆ ಕಿವಿ ಹಚ್ಚಿಕೊಂಡು ಕೂತಿದ್ದಾಳೆ. ನನ್ನ ಜೀವ ಅರಳಿತು. ಎಲ್ಲವೂ ಮೊದಲಿನಂತಾಯಿತು ಎಂದುಕೊಂಡೆ.

"ಅಜ್ಜಿ, ನಿನ್ನ ಹೊಟ್ಟ್ಯಾಗ ಏನೈತಿ?"

"ಹೋಳಿಗಿ ಐತಿ ಬಂಗಾರ. ಈಗರ ತಿಂದೆನಲ್ಲ."

ಅವಳು ತಲೆ ಎತ್ತಿದಳು. "ಬಿಚ್ಚಿ ತೋರಸು" ಎಂದಳು.

ನಾನು ಎದ್ದು ಕೂತು ಸೆರಗು ಸರಿಮಾಡಿಕೊಂಡೆ.