ಅಜ್ಜಿಯ ಬಚ್ಚಲಿಗೊಂದು ಫೈಬರ್ ಸ್ಟೂಲು

ನನ್ನ ಸೋದರಮಾವನ ಕೈಗೆ ಕೆಟ್ಟ ಗಡಿಯಾರ ಕೊಟ್ಟರೆ ಅದು ಮತ್ತೆ ನಡೆಯುವುದಿಲ್ಲ. ಚೆನ್ನಾಗಿರುವುದನ್ನು ಕೊಟ್ಟರೂ ಅಷ್ಟೆ! ಆದರೂ ಇಡೀ ತುಮಕೂರಿಗೆ ತಾನೊಬ್ಬನೇ ಮೆಕ್ಯಾನಿಕ್ಕೆಂದು ಶೆಟ್ಟಿಹಳ್ಳಿಯ ಈ ಗುಮಾಸ್ತ ನಂಬಿದ್ದ. ಪುಣ್ಯಕ್ಕೆ ಬೇರೆ ಯಾರೂ ನಂಬಿರಲಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ ಅವನ ಅವ್ವ, ಅಂದರೆ ನನ್ನ ಅಜ್ಜಿ, ನಿಟ್ಟೂರಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು, ನಾನು ಓದಲೆಂದು ಇದ್ದ ಇವನ ಮನೆಗೆ ಬಂದರು. ಮೂಳೆಯೇನೋ ಕೂಡಿತು, ನೆಲದ ಮೇಲೆ ಕೂರಲು ಮಾತ್ರ ಆಗದು. ಸ್ನಾನವಾಗದೆ ಲಿಂಗಪೂಜೆಯಿಲ್ಲ, ಪೂಜೆಯಾಗದೆ ತೊಟ್ಟು ಕಾಫಿಯಿಲ್ಲ. ಬಚ್ಚಲಲ್ಲಿ ಸೊಸೆಯೇ, ಅಂದರೆ ನನ್ನ ಅತ್ತೆಯೇ, ಹಿಡಿದುಕೊಂಡು ನೀರು ಹುಯ್ಯಬೇಕು. "ಮಾನ ಹೋಯ್ತಲ್ಲೇ ನಂದು" ಎಂದು ಅಜ್ಜಿ ದಿನಾ ಕಣ್ಣೀರು ಹಾಕುತ್ತಿದ್ದರು. ಮರದ ಸ್ಟೂಲು ತಂದರೆ ತಿಂಗಳೊಳಗೆ ನೀರು ಕುಡಿದು ಅದರ ಕಾಲೂ ಅಜ್ಜಿಯ ಸೊಂಟದಂತಾಯಿತು.

"ಫೈಬರ್!" ಎಂದ ಮಾವ. ಲಾರಿಗಳಿಗೆ ಫೈಬರ್ ಕೆಲಸ ಮಾಡುವ ಶೆಡ್ಡಿನಲ್ಲಿ ಅರ್ಧ ದಿನ ನಿಂತು ಎಲ್ಲ ಕಲಿತುಬಿಟ್ಟಿದ್ದನಂತೆ. ಬಟ್ಟೆ ಹಾಸು, ರೆಸಿನ್ ಎಂಬ ಅಂಟು ಬಳಿ, ಮತ್ತೆ ಬಟ್ಟೆ, ಮತ್ತೆ ಅಂಟು; ಒಣಗಿದರೆ ಕಲ್ಲು! ಗಾಜಿನೆಳೆಯ ಬಟ್ಟೆಯೇ ಬೇಕು ಎಂದರಂತೆ ಶೆಡ್ಡಿನವರು. "ನಮ್ಮನೇಲಿ ಬಟ್ಟೆಗೇನ್ ಬರ ಬಂದೈತಾ?" ಎಂದು ಇವನು ಅಂಟಿನ ಡಬ್ಬ ಮಾತ್ರ ತಂದ.

ಅಚ್ಚಿಗೆಂದು ಅತ್ತೆಯ ಹಿತ್ತಾಳೆ ಕೊಳಗವನ್ನೇ ಬೋರಲು ಹಾಕಿ ಮೇಲೆ ಬಟ್ಟೆ, ಅಂಟು ಮೆತ್ತಿದ. ಅಚ್ಚಿಗೆ ಅಂಟು ಕಚ್ಚದಂತೆ ಮೊದಲು ಮೇಣ ಸವರಬೇಕೆಂಬುದು ನೆನಪಾದದ್ದು ಎಲ್ಲ ಗಟ್ಟಿಯಾದ ಮೇಲೆ! ಕೊಳಗ ಜಪ್ಪಯ್ಯ ಅಂದರೂ ಈಚೆ ಬರಲಿಲ್ಲ.

"ನಮ್ಮ ತವರಿನ ಕೊಳಗ ಕಣ್ರೀ ಅದು!" ಅತ್ತೆ ಸೌಟು ಹಿಡಿದೇ ಬಂದರು.

"ಎಲ್ಲೋಯ್ತೇ? ಒಳಗೇ ಐತೆ. ಇನ್ ಕಳ್ಳ ಬಂದ್ರೂ ತಗಂಡೋಗಕ್ಕಾಗಲ್ಲ ಬುಡು."

ಎರಡನೇ ಸಲ ಅಚ್ಚು ಪ್ಲಾಸ್ಟಿಕ್ ಬಕೆಟ್ಟು, ಮೇಣವೂ ಆಯಿತು. ಬಟ್ಟೆ? ಅತ್ತೆ ಗಂಜಿ ಹಾಕಿ ಮಡಿಸಿಟ್ಟಿದ್ದ ತನ್ನದೇ ಪಂಚೆಗಳು! ಗಂಜಿಯಿಂದ ಅವು ಮೊದಲೇ ಅರ್ಧ ಗಟ್ಟಿ, ಅಷ್ಟು ಅಂಟು ಉಳಿಯಿತಲ್ಲ ಎಂಬ ಲೆಕ್ಕ. ಇಂಥ ತಲೆ ಇನ್ನೆಲ್ಲಿ ಸಿಗಬೇಕು ಹೇಳಿ! ಒಣಗಿದ ಮೇಲೆ ಜಂಬದಿಂದ ತಾನೇ ಕೂತ. ಪಂಚೆಗಳು ಚಿರೋಟಿಯ ಪದರಗಳಂತೆ ಬಿಟ್ಟುಕೊಂಡು ಮಾವ ನೆಲ ಸೇರಿದ. "ಸದ್ಯ, ನಾನ್ ಕೂತಿರಲಿಲ್ಲ" ಎಂದರು ಅಜ್ಜಿ.

"ಗಂಜಿ ಕುಡಿದಿರೋ ಬಟ್ಟೆ ನಿಮ್ ಅಂಟೆಲ್ಲಿ ಕುಡೀತದ್ರೀ?" ಎಂದು ಅತ್ತೆ ಕೊನೆಗೆ ತಾವೇ ಹಳೆಯ ಸೀರೆಗಳನ್ನು ಸೋಡಾ ಹಾಕಿ ಬೇಯಿಸಿ, ಒಗೆದು, ಬಿಸಿಲಿಗೆ ಒಣಗಿಸಿ ಕೊಟ್ಟರು. ಮೂರನೆಯದು ನಿಂತಿತು. ಮಾವ ಅದರ ಮೇಲೆ ಹತ್ತಿ ಕುಣಿದ, ನನ್ನನ್ನು ಕೂರಿಸಿದ, ಎದುರುಮನೆಯ ದಢೂತಿ ಮೇಷ್ಟ್ರನ್ನೂ ಕರೆತಂದು ಕೂರಿಸಿದ. ಸ್ಟೂಲು ಕಮಕ್ ಕಿಮಕ್ ಎನ್ನಲಿಲ್ಲ.

ಮರುದಿನ ಅಜ್ಜಿ ಒಬ್ಬರೇ ಬಚ್ಚಲಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಹೊರಗೆ ನಾವು ಮೂವರೂ ಕಾದು ನಿಂತೆವು. ಒಂದು ಚೊಂಬು ನೀರಿನ ಸದ್ದಾಯಿತು. ಆಮೇಲೆ ಸದ್ದೇ ಇಲ್ಲ. ಮಾವ ಬಾಗಿಲಿಗೆ ಕಿವಿಯಿಟ್ಟ.

"ಇನ್ನೂ ಅಲ್ಲೇ ನಿಂತಿದೀರೇನ್ರೋ? ಹೋಗ್ರೋ ಅತ್ಲಾಗಿ, ಸೋಪ್ ಹಚ್ಕತಿದೀನಿ!"

ಅಬ್ಬಾ! ಹೋದ ಜೀವ ಬಂದಂತಾಯಿತು. ಮತ್ತೆ ನೀರು ಬೀಳತೊಡಗಿತು, ಬೀಳುತ್ತಲೇ ಇತ್ತು. ಹಂಡೆಯ ನೀರೆಲ್ಲ ಮುಗಿಯುತ್ತದೆಂದು ಅತ್ತೆ ಬಾಗಿಲು ತಟ್ಟಲು ಹೋದರು. ಮಾವ ಅವರ ಕೈ ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು.

"ಬುಡೇ," ಎಂದ ಮೆಲ್ಲಗೆ, "ಒಬ್ಳೇ ಸ್ನಾನ ಮಾಡಿ ನಾಕ್ ತಿಂಗಳಾಗಿತ್ತು. ಅವ್ವ ಇನ್ನೆರಡ್ ಚೊಂಬು ಹುಯ್ಕೊಳ್ಲಿ."